ಎಡಪಂಥೀಯ ಸಂಘಟನೆ: ಮೊದಲ ಮಾತುಕತೆಯಿಂದ ಮೊದಲ ಹೋರಾಟದವರೆಗೆ

ಹೊಸದಾಗಿ ಎಡ ರಾಜಕಾರಣಕ್ಕೆ ಬರುವವರಲ್ಲಿ ಹೆಚ್ಚಿನವರು ಮಾಡುವುದು ಇಷ್ಟು: ತಮ್ಮ ಹಾಗೆಯೇ ಯೋಚಿಸುವ ಎಂಟು ಹತ್ತು ಜನರನ್ನು ಕೂಡಿಸುತ್ತಾರೆ, ಗುಂಪಿಗೊಂದು ಹೆಸರಿಡುತ್ತಾರೆ, ಬ್ಯಾನರ್ ಬರೆಸುತ್ತಾರೆ, ಪ್ರತಿಭಟನೆಗೆ ದಿನ ಗೊತ್ತು ಮಾಡುತ್ತಾರೆ. ಆರು ತಿಂಗಳಾದ ಮೇಲೂ ಅದೇ ಎಂಟು ಹತ್ತು ಜನ ಇರುತ್ತಾರೆ, ಸುಸ್ತಾಗಿರುತ್ತಾರೆ. ಶ್ರದ್ಧೆಯಲ್ಲಿ ಕೊರತೆಯಿರುವುದಿಲ್ಲ, ಕೆಲಸದ ಕ್ರಮ ತಪ್ಪಿರುತ್ತದೆ. ಮಾಲೀಕರ ಬಳಿ ಹಣವಿದೆ, ಸರ್ಕಾರದ ಬಳಿ ಅಧಿಕಾರವಿದೆ. ದುಡಿಯುವವರ ಬಳಿ ಇರುವುದು ಸಂಖ್ಯೆ ಒಂದೇ. ಆ ಸಂಖ್ಯೆ ಈಗಾಗಲೇ ಒಪ್ಪಿದವರಿಂದ ಬರುವುದಿಲ್ಲ. ರಾಜಕೀಯವೇ ಬೇಡ ಎನ್ನುವವರು, ಬೇರೆ ಪಕ್ಷಕ್ಕೆ ಮತ ಹಾಕುವವರು, ಹೆದರಿ ಸುಮ್ಮನಿರುವವರು ಜೊತೆಗೆ ಬಂದಾಗ ಮಾತ್ರ ಬರುತ್ತದೆ. ಅವರನ್ನು ತಲುಪುವ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದೆ. ಉದಾಹರಣೆಗಳು ಹೆಚ್ಚಾಗಿ ಕೆಲಸದ ಜಾಗದವು. ಬಾಡಿಗೆದಾರರಿಗೂ ವಿದ್ಯಾರ್ಥಿಗಳಿಗೂ ಬಡಾವಣೆಯ ಜನರಿಗೂ ಇದೇ ಕ್ರಮ ಹೊಂದುತ್ತದೆ.

ಎಲ್ಲಿ ಶುರು ಮಾಡುವುದು

ನೀವು ದಿನವೂ ಇರುವ ಜಾಗದಲ್ಲಿ: ಕೆಲಸ ಮಾಡುವ ಕಡೆ, ವಾಸವಿರುವ ಕಟ್ಟಡದಲ್ಲಿ, ಓದುವ ಕಾಲೇಜಿನಲ್ಲಿ. ಸಮಸ್ಯೆ ನಿಮ್ಮದೂ ಆಗಿರುತ್ತದೆ, ಜನರಿಗೆ ನಿಮ್ಮ ಮುಖ ಪರಿಚಯವಿರುತ್ತದೆ, ನಾಳೆಯೂ ನೀವು ಅಲ್ಲಿರುತ್ತೀರಿ ಎಂದು ಅವರಿಗೆ ಗೊತ್ತಿರುತ್ತದೆ. ಜಗತ್ತಿನ ದೊಡ್ಡ ಅನ್ಯಾಯವೊಂದನ್ನು ಆರಿಸಿಕೊಂಡು, ಅದರಿಂದ ನೇರವಾಗಿ ನೊಂದ ಒಬ್ಬರ ಪರಿಚಯವೂ ಇಲ್ಲದೆ ಹೊರಟರೆ ಕರಪತ್ರ ಹಂಚಬಹುದು, ಸಂಘಟನೆ ಕಟ್ಟಲಾಗದು.

ಆ ಜಾಗದಲ್ಲಿ ಸಂಘ ಈಗಾಗಲೇ ಇದ್ದರೆ ಮೊದಲು ಅದಕ್ಕೇ ಸೇರಿ. ಹೊಸ ಸಂಘದ ಆಸೆಯನ್ನು ಕನಿಷ್ಠ ಆರು ತಿಂಗಳು ಪಕ್ಕಕ್ಕಿಡಿ. ಸೇರುವ ಮುಂಚೆ ಎರಡು ಮೂರು ಸಭೆಗಳಿಗೆ ಹೋಗಿ ಇವನ್ನು ನೋಡಿ. ಸಭೆಯಲ್ಲಿ ಮಾತಾಡುವವರು ಎಷ್ಟು ಜನ, ಪ್ರತಿ ಸಲ ಅವರೇನಾ? ಸಮಸ್ಯೆಯಿಂದ ನೇರವಾಗಿ ಬಾಧಿತರಾದವರು ಪದಾಧಿಕಾರಿಗಳಾಗಿದ್ದಾರಾ, ಅಥವಾ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಾರಾ? ಲೆಕ್ಕಪತ್ರ ಓದುತ್ತಾರಾ? ಭಿನ್ನಾಭಿಪ್ರಾಯ ಹೇಳಿದವರು ಮುಂದಿನ ಸಭೆಗೂ ಬರುತ್ತಾರಾ? ಹೊಸಬರಾದ ನಿಮಗೆ ಎರಡನೇ ಭೇಟಿಯೊಳಗೆ ಯಾರಾದರೂ ಒಂದು ಕೆಲಸ ವಹಿಸಿದರಾ? ಕೊನೆಯ ಪ್ರಶ್ನೆಯೇ ಹೆಚ್ಚು ತಿಳಿಸುತ್ತದೆ. ಹೊಸಬರಿಗೆ ಕೆಲಸ ಕೊಡಲಾಗದ ಸಂಘ ಬೆಳೆಯುವುದಿಲ್ಲ.

ಇರುವ ಸಂಘ ಜಡವಾಗಿದ್ದರೂ ಒಳಗಿನಿಂದ ಬದಲಿಸಲು ಸಾಧ್ಯ. ಶಿಕಾಗೋದ ಶಿಕ್ಷಕರ ಒಂದು ಬಣ 2010ರಲ್ಲಿ ತಮ್ಮ ಸಂಘದ ಚುನಾವಣೆ ಗೆದ್ದು, ಶಾಲೆ ಶಾಲೆಯಲ್ಲೂ ಕೆಲಸ ಮಾಡಿತು. ಆ ರಾಜ್ಯದ ಹೊಸ ಕಾನೂನು ಮುಷ್ಕರಕ್ಕೆ ಒಟ್ಟು ಸದಸ್ಯರಲ್ಲಿ 75%ರಷ್ಟು ಮತ ಬೇಕೆಂದಿತ್ತು. ಮತ ಹಾಕದವರು ಬೇಡ ಎಂದ ಹಾಗೆಯೇ ಲೆಕ್ಕ. ಅಷ್ಟು ಮತ ಬರಲಾರದು ಎಂಬ ನಂಬಿಕೆಯಲ್ಲೇ ಆ ಮಿತಿ ಇಟ್ಟಿದ್ದರು. 2012ರಲ್ಲಿ ಸುಮಾರು 90% ಸದಸ್ಯರು ಮುಷ್ಕರದ ಪರ ಮತ ಹಾಕಿದರು.

ಪಟ್ಟಿ ಮತ್ತು ನಕ್ಷೆ

ಮೊದಲ ಎರಡು ವಾರ ಯಾರನ್ನೂ ಯಾವುದಕ್ಕೂ ಕರೆಯಬೇಡಿ, ಪಟ್ಟಿ ಮಾಡಿ. ಆ ಜಾಗದಲ್ಲಿರುವ ಪ್ರತಿಯೊಬ್ಬರ ಹೆಸರು ಬೇಕು. ನಿಮಗೆ ಇಷ್ಟವಾದವರದ್ದಷ್ಟೇ ಸಾಲದು. ಕಾಯಂ ನೌಕರರ ಜೊತೆ ಗುತ್ತಿಗೆಯವರು, ಕಸ ಗುಡಿಸುವವರು, ಸೆಕ್ಯುರಿಟಿ, ಡ್ರೈವರುಗಳು ಎಲ್ಲರೂ ಇರಲಿ. ಸಂಘ ಒಡೆಯಲು ಹೊರಡುವವರು ಮೊದಲು ಹುಡುಕುವುದು ನೀವು ಬಿಟ್ಟ ಗುಂಪನ್ನೇ.

ಪ್ರತಿ ಹೆಸರಿನ ಮುಂದೆ ಇಷ್ಟು ಬರೆಯಿರಿ: ವಿಭಾಗ, ಶಿಫ್ಟು, ಕೂರುವ ಜಾಗ, ಊಟಕ್ಕೆ ಯಾರ ಜೊತೆ ಹೋಗುತ್ತಾರೆ, ಯಾವ ಬಸ್ಸಿನಲ್ಲಿ ಯಾರ ಜೊತೆ ಬರುತ್ತಾರೆ, ಯಾವ ಭಾಷೆ ಸಲೀಸು, ಅವರನ್ನು ಹೆಚ್ಚು ಕಾಡುತ್ತಿರುವುದು ಏನು, ಕೊನೆಯ ಸಲ ಮಾತಾಡಿದ್ದು ಯಾವಾಗ. ಇನ್ನೊಂದು ದೊಡ್ಡ ಹಾಳೆಯಲ್ಲಿ ಜಾಗದ ನಕ್ಷೆ ಬರೆದು ಹೆಸರುಗಳನ್ನು ಅವರವರ ಸ್ಥಳದಲ್ಲಿ ಇಡಿ, ಒಟ್ಟಿಗೆ ಓಡಾಡುವವರನ್ನು ಗೆರೆಯಿಂದ ಜೋಡಿಸಿ. ಸಂಜೆ ಶಿಫ್ಟಿನಲ್ಲಿ ನಿಮಗೆ ಒಬ್ಬರೂ ಗೊತ್ತಿಲ್ಲ ಎಂಬಂಥ ಖಾಲಿ ಜಾಗಗಳು ಆಗ ಕಣ್ಣಿಗೆ ಬೀಳುತ್ತವೆ. ಮುಂದಿನ ತಿಂಗಳ ಕೆಲಸ ಎಲ್ಲಿದೆ ಎಂಬುದು ಆ ಖಾಲಿ ಜಾಗಗಳಿಂದಲೇ ತಿಳಿಯುತ್ತದೆ.

ಮಾತುಕತೆ ಶುರುವಾದ ಮೇಲೆ ಪ್ರತಿಯೊಬ್ಬರಿಗೂ 1ರಿಂದ 5ರವರೆಗೆ ಅಂಕ ಕೊಡುವುದು ರೂಢಿ. ತಾನೂ ಬಂದು ಬೇರೆಯವರನ್ನೂ ಕರೆತರುವವರು 1. ಬೆಂಬಲವಿದೆ, ಮುಂದೆ ನಿಲ್ಲುವುದಿಲ್ಲ ಎಂದರೆ 2. ಇನ್ನೂ ತೀರ್ಮಾನಿಸದವರು 3. ವಿರೋಧವಿದ್ದೂ ಸುಮ್ಮನಿರುವವರು 4. ವಿರೋಧಕ್ಕೆ ಜನ ಕೂಡಿಸುವವರು 5. ಅಂಕವನ್ನು ಮಾಡಿದ ಕೆಲಸದ ಮೇಲೆ ಕೊಡಿ, ಆಡಿದ ಮಾತಿನ ಮೇಲೆ ಬೇಡ. "ನಾನು ನಿಮ್ಮ ಕಡೆಗೇ" ಎಂದವರು ಸಹಿ ಹಾಕಿಲ್ಲವೆಂದರೆ 3. ನಗುಮುಖ ಕಂಡು 1 ಬರೆದುಕೊಂಡವರು ಮುಷ್ಕರದ ಬೆಳಿಗ್ಗೆ ಗೇಟಿನ ಮುಂದೆ ಒಂಟಿಯಾಗಿ ನಿಲ್ಲುತ್ತಾರೆ.

ಈ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಜನರ ಕೆಲಸ ಹೋಗುತ್ತದೆ. ಅಂಕಗಳನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಕಂಪನಿ ಕೊಟ್ಟ ಫೋನು, ಇಮೇಲ್, ವೈಫೈ ಯಾವುದನ್ನೂ ಇದಕ್ಕೆ ಬಳಸಬೇಡಿ. ಒಂದು ಪ್ರತಿ, ಅದನ್ನು ನೋಡುವವರು ಇಬ್ಬರೋ ಮೂವರೋ, ಅಷ್ಟು ಸಾಕು.

ಒಬ್ಬೊಬ್ಬರ ಜೊತೆ ಮಾತು

ಎಲ್ಲ ಕೆಲಸಕ್ಕೂ ಬುನಾದಿ ಇದು. ಹೊಸಬರು ತಪ್ಪಿಸಿಕೊಳ್ಳಲು ನೋಡುವುದೂ ಇದನ್ನೇ. ಗುಂಪಿಗೆ ಸಂದೇಶ ಕಳಿಸುವುದು ಸುಲಭ. ಒಬ್ಬರ ಎದುರು ಮೂವತ್ತು ನಲವತ್ತು ನಿಮಿಷ ಕೂತು ಕೇಳುವುದು ಕಷ್ಟ. ಆದರೆ ಮನಸ್ಸು ಬದಲಾಗುವುದು ಎದುರು ಕೂತಾಗಲೇ.

ಮೇಲ್ವಿಚಾರಕರ ಕಿವಿಗೆ ಬೀಳದ ಜಾಗ, ಅವರಿಗೆ ಬಿಡುವಿರುವ ಹೊತ್ತು ನೋಡಿಕೊಂಡು ಹೋಗಿ. ಕರಪತ್ರ ಕೈಯಲ್ಲಿ ಹಿಡಿದು ಹೋಗಬೇಡಿ. ನೂರಕ್ಕೆ ಎಪ್ಪತ್ತು ಪಾಲು ಮಾತು ಅವರದ್ದಿರಬೇಕು, ಮೂವತ್ತು ನಿಮ್ಮದು. ಮನೆಗೆ ಬಂದು ನೆನಪು ಮಾಡಿಕೊಂಡಾಗ ನಿಮ್ಮ ವಾದಗಳೇ ನೆನಪಾಗುತ್ತಿದ್ದರೆ ಆ ಮಾತುಕತೆ ಕೆಟ್ಟಿತು ಎಂದೇ ಅರ್ಥ.

ಮಾತಿಗೆ ಒಂದು ಹಾದಿಯಿದೆ. ಮೊದಲು ಅವರ ದಿನಚರಿ, ಮನೆ, ಕೆಲಸ ಕೇಳಿ. ಏನು ಕಾಡುತ್ತಿದೆ ಎಂದು ತಿಳಿದ ಮೇಲೆ ಅದರಿಂದ ಅವರ ಬದುಕಿನಲ್ಲಿ ಏನೇನಾಯಿತು ಎಂದು ಕೇಳಿ. ನಂತರ ಇದನ್ನು ತೀರ್ಮಾನಿಸುವವರು ಯಾರು, ಯಾಕೆ ಹೀಗೆ ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆ. ಅದಾದ ಮೇಲೆ ಒಟ್ಟಾಗಿ ಏನು ಮಾಡಬಹುದು ಎಂಬ ದಾರಿ. ಕೊನೆಗೆ ಒಂದು ನಿರ್ದಿಷ್ಟ ಕೆಲಸಕ್ಕೆ ಕರೆ. ಒಂದು ಮಾದರಿ:

"ರಜೆ ಕೇಳಿದ್ರೆ ಏನಂತಾರೆ ಅಕ್ಕ?"
"ಏನಂತಾರೆ, ಆಗಲ್ಲ ಅಂತಾರೆ. ಮಗಳಿಗೆ ಜ್ವರ ಬಂದಾಗ ಮೂರು ದಿನ ಕೇಳಿದೆ, ಒಂದು ದಿನ ಕೊಟ್ರು."
"ಆಮೇಲೆ?"
"ಇನ್ನೇನು, ತಂಗೀನ ಕರೆಸ್ಕೊಂಡೆ. ಅವಳಿಗೂ ಕೆಲಸ ಇದೆ, ಪಾಪ. ಅವಳ ಸಂಬಳ ಕಟ್ ಆಯ್ತು."
"ರಜೆ ಎಷ್ಟು ಅಂತ ತೀರ್ಮಾನ ಮಾಡೋರು ಯಾರು?"
"ಮ್ಯಾನೇಜರ್ರು. ಅವ್ರಿಗೆ ಮೇಲಿಂದ ಬರುತ್ತಂತೆ."
"ನೀವೊಬ್ರೇ ಕೇಳಿದ್ರೆ ಒಂದು ದಿನ ಸಿಕ್ತು. ನಿಮ್ಮ ಲೈನಿನ ಮೂವತ್ತು ಜನಾನೂ ಒಟ್ಟಿಗೆ ಹೋಗಿ ಕೇಳಿದ್ರೆ?"
"ಎಲ್ರೂ ಬರಬೇಕಲ್ಲ!"
"ಹೌದು, ಅದಕ್ಕೇ ನಿಮ್ಮ ಹತ್ರ ಬಂದೆ. ನಿಮ್ಮ ಮಾತನ್ನ ಲೈನಲ್ಲಿ ಕೇಳ್ತಾರೆ. ಗುರುವಾರ ಸಂಜೆ ಆರಕ್ಕೆ ಐದಾರು ಜನ ಕೂತ್ಕೋತಿದೀವಿ. ಬರ್ತೀರಾ? ಯಾರನ್ನ ಕರ್ಕೊಂಡು ಬರ್ತೀರಿ?"

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಮೌನ ಎಷ್ಟು ಹೊತ್ತಾದರೂ ಇರಲಿ. ಇರಿಸುಮುರಿಸಿಗೆ "ಪರವಾಗಿಲ್ಲ, ಆಗದಿದ್ರೆ ಬಿಡಿ" ಎಂದುಬಿಟ್ಟರೆ ಇಡೀ ಅರ್ಧ ಗಂಟೆ ವ್ಯರ್ಥ. ಅವರು ಯೋಚಿಸುತ್ತಿದ್ದಾರೆ, ಯೋಚಿಸಲು ಬಿಡಿ.

"ಭಯ ಆಗುತ್ತೆ" ಎಂದರೆ ವಾದ ಮಾಡಬೇಡಿ. ಭಯ ಸರಿಯಾದದ್ದೇ. ಏನಾಗಬಹುದು ಎಂದು ಅವರ ಬಾಯಿಂದಲೇ ಕೇಳಿ, ಅದನ್ನು ಒಪ್ಪಿಕೊಂಡು, ಏನೂ ಮಾಡದೆ ಇದ್ದರೆ ಇನ್ನೊಂದು ವರ್ಷಕ್ಕೆ ಏನಾಗಿರುತ್ತದೆ ಎಂದು ಕೇಳಿ. "ಏನೂ ಆಗಲ್ಲ, ನಾನಿದೀನಿ" ಎಂಬ ಭರವಸೆ ಎಂದೂ ಕೊಡಬೇಡಿ. ಅದು ಸುಳ್ಳು ಎಂದು ತಿಳಿಯುವ ದಿನ ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ.

ಸಿದ್ಧಾಂತದ ಮಾತು ಎಲ್ಲಿ ಬಂತು ಎಂದು ಕೇಳಬಹುದು. "ತೀರ್ಮಾನಿಸುವವರು ಯಾರು, ಯಾಕೆ" ಎಂಬ ಪ್ರಶ್ನೆಯಲ್ಲೇ ಅದಿದೆ. ಬಂಡವಾಳ, ಶೋಷಣೆ, ವರ್ಗ ಎಂಬ ಪದಗಳು ಬಾಯಿಗೆ ಬರುವ ಮೊದಲು ಆ ಅನುಭವಕ್ಕೆ ಹೆಸರು ಹುಡುಕುವ ಹಂಬಲ ಅವರಲ್ಲಿ ಹುಟ್ಟಿರಬೇಕು. ಹಾಗೆಂದು ನಿಮ್ಮ ರಾಜಕೀಯ ನಿಲುವನ್ನು ಬಚ್ಚಿಡಬೇಡಿ. ಕೇಳಿದರೆ ನೇರವಾಗಿ, ಎರಡು ವಾಕ್ಯದಲ್ಲಿ ಹೇಳಿ. ಬಚ್ಚಿಟ್ಟದ್ದನ್ನು ಮ್ಯಾನೇಜರ್ ಬಾಯಿಂದ ಕೇಳುವ ಹಾಗಾಗಬಾರದು.

ಈಗ ಲೆಕ್ಕ. 120 ಜನರಿರುವ ಜಾಗದಲ್ಲಿ ನೀವೊಬ್ಬರೇ ವಾರಕ್ಕೆ ನಾಲ್ಕು ಮಾತುಕತೆ ಮಾಡಿದರೆ 30 ವಾರ ಬೇಕು. ಅಷ್ಟರಲ್ಲಿ ಸುದ್ದಿ ಮೇಲಿನವರೆಗೂ ಹೋಗಿರುತ್ತದೆ. ಎಂಟು ಜನರ ತಂಡ, ಒಬ್ಬೊಬ್ಬರು ವಾರಕ್ಕೆ ಮೂರು ಮಾಡಿದರೆ ಐದೇ ವಾರ. ಆದ್ದರಿಂದ ನಿಮ್ಮ ಮೊದಲ ಹತ್ತು ಹದಿನೈದು ಮಾತುಕತೆಗಳ ಗುರಿ ಬೆಂಬಲಿಗರ ಸಂಖ್ಯೆ ಹೆಚ್ಚಿಸುವುದಲ್ಲ, ಆ ಎಂಟು ಜನರನ್ನು ಹುಡುಕುವುದು.

ಮುಖಂಡರು ಯಾರು

ಹೆಚ್ಚು ಮಾತಾಡುವವರು ಅಲ್ಲ. ಎಲ್ಲ ವಿಷಯಕ್ಕೂ ಕೋಪಗೊಳ್ಳುವವರೂ ಅಲ್ಲ. ಬಹಳ ಸಲ ಅಂಥವರ ಹಿಂದೆ ಯಾರೂ ಇರುವುದಿಲ್ಲ. "ನಿಮ್ಮ ವಿಭಾಗದಲ್ಲಿ ಏನಾದರೂ ತೊಂದರೆ ಆದರೆ ಮೊದಲು ಯಾರನ್ನು ಕೇಳುತ್ತೀರಿ?" ಎಂದು ಪ್ರತಿ ಮಾತುಕತೆಯಲ್ಲೂ ಕೇಳಿ. ಮೂರು ನಾಲ್ಕು ಜನರ ಬಾಯಲ್ಲಿ ಒಂದೇ ಹೆಸರು ಬಂದರೆ ಆ ವ್ಯಕ್ತಿಯೇ ಅಲ್ಲಿನ ಮುಖಂಡರು. ಹೆಚ್ಚಾಗಿ ಅವರು ಕೆಲಸದಲ್ಲಿ ಪಳಗಿದವರು, ಮ್ಯಾನೇಜರ್ ಕೂಡ ಸುಲಭಕ್ಕೆ ಕೆಣಕದವರು, ನಿಮ್ಮ ಸಂಘದ ಬಗ್ಗೆ ಅನುಮಾನ ಇರುವವರು. ಅವರ ಜೊತೆ ಮೂರು ನಾಲ್ಕು ಸಲವಾದರೂ ಕೂರಬೇಕಾಗುತ್ತದೆ.

ಪರೀಕ್ಷೆ ಸರಳ: ಒಂದು ಸಣ್ಣ ಕೆಲಸ ಕೊಡಿ. "ನಿಮ್ಮ ವಿಭಾಗದಿಂದ ಮೂರು ಜನರನ್ನು ಗುರುವಾರ ಕರೆತನ್ನಿ." ಕರೆತಂದರೆ ಮುಖಂಡರು, ಒಬ್ಬರೇ ಬಂದರೆ ಒಳ್ಳೆಯ ಬೆಂಬಲಿಗರು. ಇಬ್ಬರೂ ಬೇಕು, ಆದರೆ ಒಬ್ಬರ ಕೆಲಸವನ್ನು ಇನ್ನೊಬ್ಬರಿಂದ ನಿರೀಕ್ಷಿಸಬಾರದು.

ಸಮಿತಿ, ಸಭೆ

ನೂರು ಜನರಿಗೆ ಹತ್ತರಿಂದ ಹದಿನೈದು ಜನರ ಸಮಿತಿ ಎಂಬುದು ಸಂಘಟಕರಲ್ಲಿ ನಡೆದುಬಂದ ಅಂದಾಜು. ಪ್ರತಿ ವಿಭಾಗ, ಪ್ರತಿ ಶಿಫ್ಟು, ಪ್ರತಿ ಭಾಷೆ, ಪ್ರತಿ ಸಮುದಾಯದವರು ಅದರಲ್ಲಿರಲಿ. ಹೆಣ್ಣುಮಕ್ಕಳೇ ಹೆಚ್ಚಿರುವ ಕಡೆ ಗಂಡಸರೇ ತುಂಬಿದ ಸಮಿತಿ ಮಾಡಿದರೆ ಅರ್ಧ ಜನ ಒಳಗೆ ಕಾಲಿಡುವುದೇ ಇಲ್ಲ.

ಇಪ್ಪತ್ತು ಜನ ಸಭೆಗೆ ಬರಬೇಕೆಂದಿದ್ದರೆ ನಲವತ್ತು ಜನರಿಂದ ಬರುತ್ತೇನೆ ಎಂಬ ಮಾತು ಬೇಕು. ಒಪ್ಪಿದವರಲ್ಲಿ ಅರ್ಧದಷ್ಟು ಬರುವುದಿಲ್ಲ ಎಂದುಕೊಂಡೇ ಹೊರಡಿ. ಹಿಂದಿನ ದಿನ ಪ್ರತಿಯೊಬ್ಬರಿಗೂ ಫೋನು ಮಾಡಿ. ಗುಂಪಿಗೆ ಹಾಕಿದ ಸಂದೇಶ ಲೆಕ್ಕಕ್ಕಿಲ್ಲ. ಮಗು ನೋಡಿಕೊಳ್ಳುವವರಿಲ್ಲ, ವಾಪಸು ಹೋಗಲು ಗಾಡಿಯಿಲ್ಲ ಎಂಬ ಕಾರಣಗಳನ್ನು ಆ ಫೋನಿನಲ್ಲೇ ಕೇಳಿ, ಅದಕ್ಕೆ ಏರ್ಪಾಡು ಮಾಡಿ.

ಸಭೆ ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು. ನಡೆಸುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು, ಗಡಿಯಾರ ನೋಡುವವರು ಒಬ್ಬರು. ಪ್ರತಿ ಸಲ ಇವರು ಬದಲಾಗಲಿ. ಕಾರ್ಯಸೂಚಿಯಲ್ಲಿ ಮೂರಕ್ಕಿಂತ ಹೆಚ್ಚು ವಿಷಯ ಬೇಡ. ತೀರ್ಮಾನ ಬೇಕಾದ ವಿಷಯ ಮೊದಲು ಬರಲಿ, ವರದಿಗಳು ಕೊನೆಗೆ. ಒಬ್ಬರು ಎರಡು ಸಲ ಮಾತಾಡುವ ಮೊದಲು ಮಾತಾಡದವರಿಗೆ ಒಂದು ಅವಕಾಶ. ಯಾರು, ಏನು, ಯಾವ ದಿನದೊಳಗೆ ಎಂಬುದನ್ನು ಓದಿ ಹೇಳದೆ ಸಭೆ ಮುಗಿಸಬೇಡಿ. ಮುಂದಿನ ಸಭೆ ಶುರುವಾಗುವುದು ಅದೇ ಪಟ್ಟಿಯಿಂದ.

"ನಮ್ಮಲ್ಲಿ ನಾಯಕರಿಲ್ಲ, ಎಲ್ಲರೂ ಸಮಾನರು" ಎನ್ನುವ ಗುಂಪುಗಳ ಬಗ್ಗೆ ಎಚ್ಚರ. ಅಲ್ಲೂ ಯಾರೋ ತೀರ್ಮಾನಿಸುತ್ತಿರುತ್ತಾರೆ. ಅವರನ್ನು ಚುನಾಯಿಸಲೂ ಆಗದು, ಇಳಿಸಲೂ ಆಗದು. ಹುದ್ದೆ, ಅವಧಿ, ಚುನಾವಣೆ ಎಲ್ಲ ಬರವಣಿಗೆಯಲ್ಲಿರಲಿ.

ವಿಷಯ ಆರಿಸಿ, ಹಕ್ಕೊತ್ತಾಯ ಬರೆಯಿರಿ

ಅಸಮಾನತೆ, ಬೆಲೆಯೇರಿಕೆ, ಖಾಸಗೀಕರಣ ಇವೆಲ್ಲ ಸಮಸ್ಯೆಗಳು. ಅವುಗಳ ವಿರುದ್ಧ ಕೂಗಬಹುದು, ಅವುಗಳ ಜೊತೆ ಮಾತುಕತೆಗೆ ಕೂರಲಾಗದು. ಹೋರಾಟಕ್ಕೆ ಬೇಕಾದದ್ದು ಸಮಸ್ಯೆಯಿಂದ ಕತ್ತರಿಸಿ ತೆಗೆದ ಒಂದು ತುಂಡು. ಅದು ಬಹಳ ಜನರನ್ನು ತಟ್ಟಬೇಕು, ಆಳವಾಗಿ ತಟ್ಟಬೇಕು, ಈಗಿರುವ ಬಲದಲ್ಲಿ ಗೆಲ್ಲುವ ಹಾಗಿರಬೇಕು. ಜನರನ್ನು ಒಡೆಯುವ ವಿಷಯವನ್ನು ಮೊದಲ ಹೋರಾಟಕ್ಕೆ ತರಬೇಡಿ.

ಹಕ್ಕೊತ್ತಾಯದಲ್ಲಿ ಮೂರು ಅಂಶ ಸ್ಪಷ್ಟವಿರಲಿ: ಏನು, ಯಾರಿಂದ, ಯಾವಾಗಿನೊಳಗೆ. "ಕಾರ್ಮಿಕರನ್ನು ಗೌರವದಿಂದ ನಡೆಸಿಕೊಳ್ಳಿ" ಎಂದರೆ ಮ್ಯಾನೇಜರ್ ಆಗಲಿ ಎಂದು ತಲೆಯಾಡಿಸಿ ಎದ್ದು ಹೋಗುತ್ತಾರೆ. "ಮುಂದಿನ ತಿಂಗಳು 1ರಿಂದ ಓವರ್‌ಟೈಮ್ ಪಟ್ಟಿಯನ್ನು ಮೂರು ದಿನ ಮುಂಚೆ ನೋಟಿಸ್ ಬೋರ್ಡಿಗೆ ಹಾಕಬೇಕು" ಎಂದರೆ ಆಯಿತೋ ಇಲ್ಲವೋ ಎಂದು ಎಲ್ಲರಿಗೂ ಕಾಣುತ್ತದೆ. ಆ ತೀರ್ಮಾನ ಮಾಡುವ ಅಧಿಕಾರ ಯಾರ ಕೈಲಿದೆ, ಅವರಿಗೆ ಯಾವುದರ ಹೆದರಿಕೆ, ಯಾರ ಮಾತು ಕೇಳುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಅಧಿಕಾರವಿಲ್ಲದ ಸೂಪರ್‌ವೈಸರ್ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಹೊಸ ಸಮಿತಿಗಳ ಮಾಮೂಲಿ ತಪ್ಪು.

ಮೊದಲ ಬೇಡಿಕೆ ಚಿಕ್ಕದಾಯಿತಲ್ಲ ಎಂದು ಕ್ರಾಂತಿಕಾರಿಗಳು ಮೂಗು ಮುರಿಯಬಹುದು. ಅಮೆರಿಕದ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರಿನಲ್ಲಿ ಬಸ್ ಬಹಿಷ್ಕಾರ ಶುರುವಾದಾಗ ಬೇಡಿಕೆ ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವ ಪ್ರತ್ಯೇಕತೆಯನ್ನು ಪೂರ್ತಿ ಕಿತ್ತೊಗೆಯಬೇಕು ಎಂದಿರಲಿಲ್ಲ. ಚಾಲಕರು ಸಭ್ಯವಾಗಿ ನಡೆದುಕೊಳ್ಳಬೇಕು, ಮೊದಲು ಬಂದವರಿಗೆ ಮೊದಲು ಸೀಟು ಸಿಗಬೇಕು (ಆಗಲೂ ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ), ಕಪ್ಪು ಜನರ ಮಾರ್ಗಗಳಿಗೆ ಕಪ್ಪು ಚಾಲಕರನ್ನು ನೇಮಿಸಬೇಕು, ಇಷ್ಟೇ. ಅಷ್ಟನ್ನೂ ನಿರಾಕರಿಸಿದಾಗ ಹೋರಾಟ ಬೆಳೆಯಿತು, 381 ದಿನ ನಡೆಯಿತು, ಕೊನೆಗೆ ಸುಪ್ರೀಂ ಕೋರ್ಟಿನ ತೀರ್ಪಿನೊಂದಿಗೆ ಬಸ್ಸುಗಳಲ್ಲಿನ ಪ್ರತ್ಯೇಕತೆಯೇ ಮುಗಿಯಿತು. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ಅವರ ಬಂಧನದ ಮಾತು ಎಲ್ಲರಿಗೂ ಗೊತ್ತು. ಅದಕ್ಕೆ ಒಂದೂವರೆ ವರ್ಷ ಮೊದಲೇ, 1954ರ ಮೇ ತಿಂಗಳಲ್ಲಿ, ಅಲ್ಲಿನ ಮಹಿಳಾ ರಾಜಕೀಯ ಮಂಡಳಿಯ ಜೋ ಆನ್ ರಾಬಿನ್ಸನ್ ಬಹಿಷ್ಕಾರದ ಎಚ್ಚರಿಕೆ ಕೊಟ್ಟು ಮೇಯರ್‌ಗೆ ಪತ್ರ ಬರೆದಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಬಂಧನದ ರಾತ್ರಿಯೇ ಸಾವಿರ ಸಾವಿರ ಕರಪತ್ರ ಅಚ್ಚಾಗಿ ಮರುದಿನ ಹಂಚಿಕೆಯಾದದ್ದು ಆ ಜಾಲ ಮೊದಲೇ ಸಿದ್ಧವಿದ್ದುದರಿಂದ.

ಮೆಟ್ಟಿಲು ಮೆಟ್ಟಿಲಾಗಿ ಒತ್ತಡ

ನೇರ ಮುಷ್ಕರಕ್ಕೆ ಹಾರಬೇಡಿ. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಒಂದಿಷ್ಟು ಹೆಚ್ಚು ಧೈರ್ಯ ಬೇಡಲಿ. ಮೊದಲು ಎಲ್ಲರೂ ಒಂದೇ ದಿನ ಒಂದೇ ಬಣ್ಣದ ಬ್ಯಾಡ್ಜ್. ಆಮೇಲೆ ಸಹಿ ಹಾಕಿದ ಮನವಿ. ಆಮೇಲೆ ನಿಯೋಗ. ಆಮೇಲೆ ಬಹಿರಂಗ ಸಭೆ, ಧರಣಿ. ಕೊನೆಗೆ ಕೆಲಸ ನಿಲ್ಲಿಸುವುದು ಅಥವಾ ಬಾಡಿಗೆ ತಡೆಯುವುದು.

ಇವು ಒತ್ತಡವಷ್ಟೇ ಅಲ್ಲ, ನಿಮ್ಮ ಬಲಪರೀಕ್ಷೆಯೂ ಹೌದು. ಮನವಿಗೆ ಎಷ್ಟು ದಿನದೊಳಗೆ, ಯಾವ ವಿಭಾಗದಿಂದ ಎಷ್ಟು ಸಹಿ ಬಂತು ಎಂದು ಬರೆದಿಡಿ. ಮೂರು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಹಿ ಹಾಕಿದರೆ ಮುಂದಿನ ಮೆಟ್ಟಿಲು. ಮೂರು ವಾರವಾದರೂ ಮೂರನೇ ಒಂದು ಪಾಲೂ ದಾಟದಿದ್ದರೆ ಮನವಿಯನ್ನು ಸಲ್ಲಿಸದೆ ವಾಪಸು ಮಾತುಕತೆಗೆ ಹೋಗಿ. ಅಲ್ಪಸಂಖ್ಯೆಯ ಸಹಿ ಇರುವ ಮನವಿ ಕೊಡುವುದೆಂದರೆ ಯಾರನ್ನು ಮೊದಲು ಕೆಲಸದಿಂದ ತೆಗೆಯಬೇಕು ಎಂಬ ಪಟ್ಟಿಯನ್ನು ಮಾಲೀಕರಿಗೆ ನೀವೇ ಕೊಟ್ಟ ಹಾಗೆ.

ನಿಯೋಗಕ್ಕೆ ತಾಲೀಮು ಬೇಕೇ ಬೇಕು. ಹದಿನೈದು ಜನ ಹೋಗುತ್ತೀರಿ ಎಂದುಕೊಳ್ಳಿ. ಬೇಡಿಕೆ ಓದುವವರು ಒಬ್ಬರು, ತಮ್ಮ ಅನುಭವ ಒಂದೊಂದು ನಿಮಿಷ ಹೇಳುವವರು ಇಬ್ಬರು, ಮಾತು ಬೇರೆಡೆಗೆ ಹೊರಳಿದರೆ ವಾಪಸು ತರುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು, "ಈಗ ಹೊರಡೋಣ" ಎನ್ನುವವರು ಒಬ್ಬರು. ಉಳಿದವರು ಸುಮ್ಮನೆ ಜೊತೆಗೆ ನಿಲ್ಲಬೇಕು, ಆ ನಿಲ್ಲುವುದೇ ಅವರ ಕೆಲಸ. ಮ್ಯಾನೇಜರ್ ಹೇಳುವುದು ಹೆಚ್ಚುಕಡಿಮೆ ಇವೇ: "ಇಬ್ಬರು ಬನ್ನಿ, ಕೂತು ಮಾತಾಡೋಣ", "ಇದು ನನ್ನ ಕೈಲಿಲ್ಲ", "ಮೊದಲೇ ಹೇಳಬಾರದಿತ್ತಾ". ಮೂರಕ್ಕೂ ಉತ್ತರ ಸಿದ್ಧವಿರಲಿ: ಎಲ್ಲರೂ ಇಲ್ಲೇ ಇರುತ್ತೇವೆ, ಯಾರ ಕೈಲಿದೆಯೋ ಅವರಿಗೆ ಮುಟ್ಟಿಸಿ, ಉತ್ತರ ಇಂಥ ದಿನದೊಳಗೆ ಬೇಕು. ಹತ್ತು ನಿಮಿಷದೊಳಗೆ ಮುಗಿಸಿ ಹೊರಗೆ ಬಂದು, ಅಲ್ಲೇ ಐದು ನಿಮಿಷ ಏನಾಯಿತೆಂದು ಮಾತಾಡಿಕೊಳ್ಳಿ.

ಕೆಲಸದ ಜಾಗವೇ ಬೇಕೆಂದಿಲ್ಲ. 1915ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಮೊದಲ ಮಹಾಯುದ್ಧದ ನೆಪದಲ್ಲಿ ಬಾಡಿಗೆ ಏರಿಸಿದಾಗ ಮೇರಿ ಬಾರ್ಬರ್ ಮತ್ತು ನೆರೆಹೊರೆಯ ಹೆಂಗಸರು ಕಟ್ಟಡ ಕಟ್ಟಡಕ್ಕೂ ಸಮಿತಿ ಮಾಡಿದರು. ಮನೆ ಖಾಲಿ ಮಾಡಿಸಲು ಅಮೀನರು ಬಂದರೆ ಗಂಟೆ ಬಾರಿಸುವುದು, ಹೆಂಗಸರೆಲ್ಲ ಮೆಟ್ಟಿಲಿಗೆ ಬಂದು ಹಿಟ್ಟು ಎರಚಿ ಓಡಿಸುವುದು, ಹೀಗೆ. ನವೆಂಬರಿನ ಹೊತ್ತಿಗೆ ಸುಮಾರು 20,000 ಮನೆಗಳು ಹೆಚ್ಚಿಸಿದ ಬಾಡಿಗೆ ಕೊಡುವುದನ್ನು ನಿಲ್ಲಿಸಿದ್ದವು. ಹಡಗು ಕಟ್ಟುವ ಕಾರ್ಖಾನೆಗಳ ಕಾರ್ಮಿಕರೂ ಜೊತೆ ನಿಂತರು. ಬಾಡಿಗೆಯನ್ನು ಯುದ್ಧಪೂರ್ವದ ಮಟ್ಟಕ್ಕೆ ತಡೆದು ನಿಲ್ಲಿಸುವ ಕಾಯ್ದೆ ಅದೇ ಡಿಸೆಂಬರಿನಲ್ಲಿ ಬಂತು.

ಎದುರಾಳಿ ಏನು ಮಾಡುತ್ತಾರೆ

ಹೊಸದೇನೂ ಇಲ್ಲ, ಎಲ್ಲ ಕಡೆಯೂ ಅದದೇ. ಆದ್ದರಿಂದ ಮೊದಲೇ ಜನರಿಗೆ ಹೇಳಿಬಿಡಿ: "ಮುಂದಿನ ವಾರ ಮ್ಯಾನೇಜರ್ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ. ನಾವೆಲ್ಲ ಒಂದೇ ಕುಟುಂಬ ಎನ್ನುತ್ತಾರೆ. ಹೊರಗಿನವರು ನಿಮ್ಮ ತಲೆ ಕೆಡಿಸಿದ್ದಾರೆ ಎನ್ನುತ್ತಾರೆ. ಯೂನಿಟ್ ಮುಚ್ಚುತ್ತೇವೆ ಎನ್ನುತ್ತಾರೆ." ಹೇಳಿದ್ದು ಹೇಳಿದ ಹಾಗೇ ನಡೆದಾಗ ಭಯದ ಜಾಗಕ್ಕೆ ನಗು ಬರುತ್ತದೆ. ಹೇಳದೆ ಇದ್ದರೆ ಅದೇ ಮಾತಿಗೆ ಸಮಿತಿಯೇ ಕರಗಿಹೋಗಬಹುದು. ಬೆದರಿಕೆಯ ಜೊತೆಗೆ ಸಿಹಿಯೂ ಬರುತ್ತದೆ: ಅನಿರೀಕ್ಷಿತ ಸಂಬಳ ಏರಿಕೆ, ನಿಮ್ಮ ಗಟ್ಟಿ ಮುಖಂಡರಿಗೆ ಬಡ್ತಿ. ಏರಿಕೆ ಬಂದರೆ ಅದು ಸಂಘದ ಮೊದಲ ಗೆಲುವೆಂದು ಅದೇ ದಿನ ಎಲ್ಲರಿಗೂ ಹೇಳಿ.

ಎಲ್ಲಕ್ಕಿಂತ ಅಪಾಯಕಾರಿ ಜಾತಿ, ಧರ್ಮ, ಭಾಷೆ, ಊರುಗಳ ಹೆಸರಲ್ಲಿ ಒಡೆಯುವುದು. ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳಲ್ಲಿ ಫಿಲಿಪಿನೋಗಳು ಮುಷ್ಕರ ಮಾಡಿದರೆ ಮೆಕ್ಸಿಕನ್ನರನ್ನು, ಮೆಕ್ಸಿಕನ್ನರು ಮಾಡಿದರೆ ಫಿಲಿಪಿನೋಗಳನ್ನು ತಂದು ಮುಷ್ಕರ ಮುರಿಯುವುದು ಮಾಲೀಕರ ಹಳೆಯ ಪಟ್ಟು. 1965ರ ಸೆಪ್ಟೆಂಬರ್ 8ರಂದು ಡೆಲಾನೋದಲ್ಲಿ ಲ್ಯಾರಿ ಇಟ್ಲಿಯಾಂಗ್ ಮುಂದಾಳತ್ವದ ಫಿಲಿಪಿನೋ ಕಾರ್ಮಿಕರು ಕೆಲಸ ನಿಲ್ಲಿಸಿದರು. ಎಂಟು ದಿನಕ್ಕೆ, ಹೆಚ್ಚಾಗಿ ಮೆಕ್ಸಿಕನ್ನರೇ ಇದ್ದ ಸೀಸರ್ ಚಾವೆಜ್ ಅವರ ಸಂಘ ಸೇರಿಕೊಳ್ಳಲು ತೀರ್ಮಾನಿಸಿತು. ಆ ಪಟ್ಟು ಅಲ್ಲಿಗೆ ಕೆಲಸ ಮಾಡಲಿಲ್ಲ. ಆದರೂ ಒಪ್ಪಂದಗಳು ಕೈಗೆ ಬಂದದ್ದು 1970ರಲ್ಲಿ. ಇಂಥ ಒಗ್ಗಟ್ಟು "ನಾವೆಲ್ಲ ಒಂದೇ" ಎಂಬ ಭಾಷಣದಿಂದ ಬರುವುದಿಲ್ಲ. ಸಂಘದೊಳಗೇ ಜಾತಿ ನಿಂದನೆಯಾದಾಗ, ಹೆಣ್ಣುಮಕ್ಕಳಿಗೆ ಕಿರುಕುಳವಾದಾಗ ಸಮಿತಿ ಏನು ಮಾಡಿತು ಎಂದು ಜನ ನೋಡುತ್ತಿರುತ್ತಾರೆ. "ಹೋರಾಟ ಮುಗಿಯಲಿ, ಆಮೇಲೆ ನೋಡೋಣ" ಎಂದರೆ ನೊಂದವರು ಹೋರಾಟವನ್ನೇ ಬಿಟ್ಟು ಹೋಗುತ್ತಾರೆ. ದೂರು ಯಾರಿಗೆ ಕೊಡಬೇಕು, ಎಷ್ಟು ದಿನದಲ್ಲಿ ವಿಚಾರಣೆ ಎಂಬುದನ್ನು ಮೊದಲೇ ಬರೆದಿಡಿ.

ಹಣ, ಕಾನೂನು

ಚಂದಾ ಎಷ್ಟೇ ಕಡಿಮೆಯಿರಲಿ, ಎಲ್ಲರಿಂದಲೂ ಪ್ರತಿ ತಿಂಗಳು ಬರಲಿ. ಚಾವೆಜ್ 1962ರಲ್ಲಿ ಸಂಘ ಕಟ್ಟಿದಾಗ ಕಡುಬಡ ಕೃಷಿ ಕೂಲಿಗಳಿಂದಲೇ ತಿಂಗಳಿಗೆ 3.50 ಡಾಲರ್ ಚಂದಾ ಪಡೆಯುತ್ತಿದ್ದರು. ಹಣ ಕೊಟ್ಟವರು ಲೆಕ್ಕ ಕೇಳುತ್ತಾರೆ, ಲೆಕ್ಕ ಕೇಳುವವರು ಸಭೆಗೆ ಬರುತ್ತಾರೆ. ಹೊರಗಿನ ದಾನಿಗಳ ಹಣದಲ್ಲಿ ನಡೆಯುವ ಸಂಘ ದಾನಿ ಕೈಬಿಟ್ಟ ದಿನ ನಿಲ್ಲುತ್ತದೆ. ಪ್ರತಿ ಪೈಸೆಗೂ ರಸೀದಿ, ಖಾತೆಗೆ ಇಬ್ಬರ ಸಹಿ, ತಿಂಗಳಿಗೊಮ್ಮೆ ಸಭೆಯಲ್ಲಿ ಲೆಕ್ಕ ಓದುವುದು: ಮೂರರಲ್ಲೂ ವಿನಾಯಿತಿ ಬೇಡ, ಎಷ್ಟೇ ನಂಬಿಕಸ್ಥರಿರಲಿ. ರಾಜಕೀಯ ಭಿನ್ನಮತಕ್ಕಿಂತ ಹಣದ ಅನುಮಾನಕ್ಕೆ ಒಡೆದ ಸಂಘಗಳೇ ಹೆಚ್ಚಿರಬೇಕು.

ಸಂಘ ಕಟ್ಟುವ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1948ರ 87ನೇ ಒಡಂಬಡಿಕೆ, ಸಾಮೂಹಿಕ ಚೌಕಾಶಿಯ (ಎಲ್ಲ ಕಾರ್ಮಿಕರ ಪರವಾಗಿ ಸಂಘ ಮಾಲೀಕರ ಜೊತೆ ನಡೆಸುವ ಮಾತುಕತೆಯ) ಬಗ್ಗೆ 1949ರ 98ನೇ ಒಡಂಬಡಿಕೆ ಇವೆ. ಆದರೆ ಭಾರತವಾಗಲಿ ಅಮೆರಿಕವಾಗಲಿ ಇವೆರಡನ್ನೂ ಅನುಮೋದಿಸಿಲ್ಲ. ನಿಮ್ಮನ್ನು ಕಾಯುವುದು ನಿಮ್ಮ ದೇಶದ ಕಾನೂನು. ಸಂಘ ನೋಂದಣಿಗೆ ಎಷ್ಟು ಜನ ಬೇಕು, ಮುಷ್ಕರಕ್ಕೆ ಎಷ್ಟು ದಿನದ ನೋಟಿಸು, ಸಭೆ ಮೆರವಣಿಗೆಗೆ ಯಾರ ಅನುಮತಿ ಎಂಬ ಮೂರು ಪ್ರಶ್ನೆಗಳನ್ನು ಕಾರ್ಮಿಕ ವಕೀಲರ ಬಳಿ ಮೊದಲ ತಿಂಗಳಲ್ಲೇ ಕೇಳಿ. ಬೆದರಿಕೆ, ವರ್ಗಾವಣೆ, ಮೆಮೊ ಏನೇ ಬಂದರೂ ದಿನಾಂಕ, ಸಮಯ, ಜಾಗ, ಆಡಿದ ಮಾತು, ಸಾಕ್ಷಿ ಇದ್ದವರು ಎಲ್ಲವನ್ನೂ ಅಂದೇ ಬರೆದಿಡಿ. ವಕೀಲರ ಸಲಹೆ ಬೇಕು, ವಕೀಲರೇ ಹೋರಾಟ ನಡೆಸುವಂತಾಗಬಾರದು. ಕೇಸು ವರ್ಷಗಟ್ಟಲೆ ನಡೆಯುತ್ತದೆ, ಅಷ್ಟರಲ್ಲಿ ಜನ ಚದುರಿರುತ್ತಾರೆ.

ಓದು, ಒಳಜಗಳ, ದಣಿವು

ತಿಂಗಳಿಗೆ ಒಂದು ಅಧ್ಯಯನ ಕೂಟ ಸಾಕು, ಎಂಟು ಹತ್ತು ಪುಟ ಸಾಕು, ಗಟ್ಟಿಯಾಗಿ ಓದಿ ಚರ್ಚಿಸಿ. ಓದಿದ್ದನ್ನು ನಿಮ್ಮದೇ ಜಾಗದ ಸಂಬಳ ಚೀಟಿಗೋ ಬಾಡಿಗೆ ಕರಾರಿಗೋ ಹೊಂದಿಸಿ ನೋಡಿ. ಓದೇ ಇಲ್ಲದ ಸಂಘ ಸಂಬಳ ಏರಿಕೆಗೆ ನಿಂತುಬಿಡುತ್ತದೆ, ಓದು ಮಾತ್ರ ಇರುವ ಗುಂಪು ಒಳಗೊಳಗೇ ಒಡೆದುಕೊಳ್ಳುತ್ತದೆ.

ಎಡ ಗುಂಪುಗಳ ಪರಸ್ಪರ ಜಗಳಕ್ಕೆ ಹೊಸಬರನ್ನು ಎಳೆಯಬೇಡಿ. ಒಂದು ನಿರ್ದಿಷ್ಟ ಬೇಡಿಕೆಯ ಮೇಲೆ ಜೊತೆ ಬರುವವರ ಜೊತೆ ಅಷ್ಟಕ್ಕೆ ಕೆಲಸ ಮಾಡಿ. ಒಳಗೆ ಭಿನ್ನಮತ ಬಂದರೆ ಚರ್ಚೆಗೆ ಸಮಯ ನಿಗದಿ ಮಾಡಿ, ಮತಕ್ಕೆ ಹಾಕಿ, ಠರಾವು ಬರೆಯಿರಿ, ಮೂರು ತಿಂಗಳ ನಂತರ ಮತ್ತೆ ಪರಿಶೀಲಿಸಿ. ವಾಟ್ಸಾಪ್‌ನಲ್ಲಿ ವಾದಕ್ಕೆ ಅವಕಾಶ ಬೇಡ. ಗುಂಪು ಸೂಚನೆಗಷ್ಟೇ ಇರಲಿ.

ದಣಿವಿನ ಬಗ್ಗೆ ಒಂದೇ ಮಾತು: ಒಬ್ಬರೇ ಮೂರು ಜವಾಬ್ದಾರಿ ಹೊತ್ತಿದ್ದರೆ ಅದು ತ್ಯಾಗವಲ್ಲ, ಸಂಘದ ದೋಷ. ಪ್ರತಿ ಜವಾಬ್ದಾರಿಗೂ ಕಲಿಯುತ್ತಿರುವ ಎರಡನೆಯವರು ಇರಲಿ.

ಗೆದ್ದ ಮೇಲೆ, ಸೋತ ಮೇಲೆ

ಬಾಯಿಮಾತಿನ ಒಪ್ಪಿಗೆಯನ್ನು ಗೆಲುವೆಂದು ಎಣಿಸಬೇಡಿ. ಬರಹದಲ್ಲಿ, ಸಹಿಯೊಂದಿಗೆ, ದಿನಾಂಕದೊಂದಿಗೆ ತೆಗೆದುಕೊಳ್ಳಿ, ಪ್ರತಿಯನ್ನು ಎಲ್ಲರಿಗೂ ಹಂಚಿ. ಜಾರಿಯಾಗುತ್ತಿದೆಯೇ ಎಂದು ನೋಡಲು ಪ್ರತಿ ವಿಭಾಗದಲ್ಲಿ ಒಬ್ಬರನ್ನು ನೇಮಿಸಿ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಅಮೆಜಾನ್ ಗೋದಾಮಿನ ಕಾರ್ಮಿಕರು 2022ರ ಏಪ್ರಿಲ್ 1ರಂದು 2,654–2,131 ಮತಗಳಿಂದ ಸಂಘ ಗೆದ್ದರು. ಮುಂದಿನ ತಿಂಗಳೇ ಪಕ್ಕದ ಇನ್ನೊಂದು ಗೋದಾಮಿನಲ್ಲಿ 380–618 ಮತಗಳಿಂದ ಸೋತರು. ಗೆದ್ದ ಕಡೆಯೂ ಕಂಪನಿ ಫಲಿತಾಂಶವನ್ನೇ ಪ್ರಶ್ನಿಸಿತು, ಒಪ್ಪಂದದ ಮಾತುಕತೆಗೆ ಕೂರಲೇ ಇಲ್ಲ. ಮತ ಗೆಲ್ಲುವುದಕ್ಕೂ ಒಪ್ಪಂದ ಗೆಲ್ಲುವುದಕ್ಕೂ ಬೇಕಾದ ಬಲ ಬೇರೆ ಬೇರೆ. ಎರಡನೆಯದಕ್ಕೆ ಕೆಲಸ ನಿಲ್ಲಿಸುವ ತಾಕತ್ತು ಬೇಕು.

ಗೆದ್ದ ಸಂಘ ಬೇಡಿಕೆಯ ಆಚೆಗೂ ಬೆಳೆಯಬಹುದು. ಛತ್ತೀಸ್‌ಗಢದ ದಲ್ಲಿ ರಾಜಹರಾದಲ್ಲಿ ಶಂಕರ್ ಗುಹಾ ನಿಯೋಗಿ ಅವರ ಜೊತೆ 1977ರಲ್ಲಿ ಸಂಘ ಕಟ್ಟಿದ ಗಣಿ ಗುತ್ತಿಗೆ ಕಾರ್ಮಿಕರು ಕೂಲಿಯ ಜೊತೆಗೆ ಕುಡಿತದ ವಿರುದ್ಧವೂ ಹೋರಾಡಿದರು, ತಮ್ಮದೇ ದುಡ್ಡು, ತಮ್ಮದೇ ಶ್ರಮದಿಂದ 1983ರಲ್ಲಿ ಶಹೀದ್ ಆಸ್ಪತ್ರೆ ತೆರೆದರು.

ಸೋತರೆ ಒಂದು ವಾರದೊಳಗೆ ಸಮಿತಿ ಸೇರಬೇಕು. ತಪ್ಪು ಯಾರದು ಎಂದು ಹುಡುಕುವ ಬದಲು ಈ ನಾಲ್ಕು ಕೇಳಿ: ಯಾವ ಅಂಕಗಳು ಸುಳ್ಳಾದವು? ಯಾವ ವಿಭಾಗ ಕೈಕೊಟ್ಟಿತು, ಅಲ್ಲಿನ ನಿಜವಾದ ಮುಖಂಡರ ಜೊತೆ ನಾವು ಕೂತಿದ್ದೆವಾ? ಎದುರಾಳಿ ಮಾಡಿದ್ದರಲ್ಲಿ ನಾವು ಮೊದಲೇ ಹೇಳಿರದ್ದು ಯಾವುದು? ಯಾವ ಮೆಟ್ಟಿಲನ್ನು ಹಾರಿದೆವು? ಕೆಲಸ ಕಳೆದುಕೊಂಡವರಿದ್ದರೆ ಅವರ ಮನೆಗೆ ಮೊದಲು ಹೋಗಿ, ಅವರ ಕೇಸಿನ ಖರ್ಚನ್ನು ಚಂದಾದ ಲೆಕ್ಕದಲ್ಲಿ ಮೊದಲ ಬಾಬತ್ತಾಗಿ ಬರೆಯಿರಿ. ಆಮೇಲೆ ಹೋರಾಟದಲ್ಲಿ ಯಾರು ಏನು ಮಾಡಿದರು ಎಂಬುದರ ಮೇಲೆ ಎಲ್ಲ ಅಂಕಗಳನ್ನೂ ಹೊಸದಾಗಿ ಹಾಕಿ, 3 ಬಂದವರ ಜೊತೆ ಮುಂದಿನ ವಾರದ ಮಾತುಕತೆಗಳನ್ನು ಹಂಚಿಕೊಳ್ಳಿ.